ತೊಡದೇವಿನ ಪೆಟ್ಟಿಗೆ

ನೀವು ತೊಡದೇವು ತಿಂದಿದ್ದೀರಾ?

ತಿನ್ನದವರಿಗೆ ಹೇಳಿಬಿಡುತ್ತೇನೆ. ನಮ್ಮ ಶಿರಸಿ-ಸಿದ್ದಾಪುರದ ಕಡೆ ಆಲೆಮನೆ ಸಮಯದಲ್ಲಿ ಮಾಡುವ ಸಿಹಿ ಅದು. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಹಾಕಿ ನೀರು ನೀರಾಗಿ ಕಲಸುತ್ತಾರೆ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ, ಮಡಕೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕ್ಷಣದಲ್ಲಿ ಬೆಂದು ಅಂಚು ಏಳುತ್ತದೆ. ಬಿಸಿ ಇರುವಾಗಲೇ ಮಡಚಿ ತೆಗೆಯಬೇಕು, ಆರಿತೋ ಗರಿಗರಿ. ಕಾಗದಕ್ಕಿಂತ ತೆಳು. ಜೋರಾಗಿ ಉಸಿರು ಬಿಟ್ಟರೂ ಮುರಿಯುತ್ತದೇನೋ ಅನ್ನಿಸುವಂಥದ್ದು :-)

ಈಗ ಇಂಥ ತೊಡದೇವನ್ನು ಡಬ್ಬಕ್ಕೆ ತುಂಬಿ, ಡಬ್ಬವನ್ನು ಬೆನ್ನಿಗೆ ಹಾಕುವ ಬ್ಯಾಗಿನಲ್ಲಿಟ್ಟು, ಸಿದ್ದಾಪುರದ ಒಳಗಿನ ನಮ್ಮೂರಿಂದ ಶಿರಸಿ ಮೇಲೆ ಹಾದು ಯಲ್ಲಾಪುರದ ಹತ್ತಿರವಿರುವ ಅಕ್ಕನ ಮನೆಗೆ ಬೈಕಿನಲ್ಲಿ ಒಯ್ದರೆ ಏನಾಗಬಹುದು ಹೇಳಿ? ಹೆಚ್ಚುಕಡಿಮೆ 90 ಕಿಲೋಮೀಟರು. ಅದರಲ್ಲಿ ಮೊದಲಿನ ಐದು, ಕೊನೆಯ ಮೂರು ಕಿಲೋಮೀಟರು ರಸ್ತೆ ಅಂತ ಕರೆಯುವುದೇ ಧೈರ್ಯದ ಮಾತು. ಅಕ್ಕ ಡಬ್ಬದ ಮುಚ್ಚಳ ತೆಗೆದು ಒಳಗೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಒಳಗೆ ನೋಡಿದಳು.

"ತಮಾ, ಇದ್ನ ಹಾಲು ಹಾಕ್ಯಂಡು ಚಮಚದಲ್ಲಿ ತಿನ್ನವನಾ?"

ಎರಡು ವರ್ಷ ಹೀಗೇ ಆಯಿತು. ಮೂರನೇ ವರ್ಷ ಆಯಿ ಖಡಾಖಂಡಿತವಾಗಿ ಹೇಳಿದಳು, ಇನ್ನು ಬೈಕಿನ ಮೇಲೆ ತೊಡದೇವು ಕಳಿಸುವುದಿಲ್ಲ ಅಂತ. ಅಲ್ಲಿಂದ ಶುರುವಾಯಿತು ನನ್ನ ಪೆಟ್ಟಿಗೆ ಪುರಾಣ.

ಪೇಟೆಯಲ್ಲಿ ಬೈಕಿನ ಡಬ್ಬಗಳು ಸಿಗುತ್ತವೆ, ಗೊತ್ತು. ಸೀಟಿನ ಹಿಂದೆ ಕೂರಿಸುವ ಪ್ಲಾಸ್ಟಿಕ್ ಡಬ್ಬ. ಅದು ಹೆಲ್ಮೆಟ್ ಇಡಲಿಕ್ಕೆ ಸರಿ. ಆದರೆ ಹಿಂದಿನ ಚಕ್ರಕ್ಕಿಂತಲೂ ಹಿಂದೆ, ಎತ್ತರದಲ್ಲಿ ಕೂತಿರುತ್ತದೆ ನೋಡಿ, ಹೊಂಡಕ್ಕೆ ಬಿದ್ದಾಗ ಎಲ್ಲಕ್ಕಿಂತ ಜಾಸ್ತಿ ಹಾರುವುದು ಆ ಜಾಗವೇ. ತೂಕ ಆದಷ್ಟು ಕೆಳಗೆ, ಆದಷ್ಟು ಮುಂದೆ ಇದ್ದರೆ ಬೈಕಿಗೂ ಒಳ್ಳೆಯದು, ತೊಡದೇವಿಗೂ ಒಳ್ಳೆಯದು. ಅಂದರೆ ಸೀಟಿನ ಎರಡೂ ಪಕ್ಕಕ್ಕೆ ಒಂದೊಂದು ಪೆಟ್ಟಿಗೆ ಬರಬೇಕು. ಬಟ್ಟೆಯ ಚೀಲ ಆಗುವುದಿಲ್ಲ, ಒತ್ತಿದರೆ ಒಳಗಿದ್ದದ್ದು ಪುಡಿ. ತಗಡಾದರೆ ಗಡಗಡ ಸದ್ದು.

ಮರದ್ದೇ ಯಾಕಾಗಬಾರದು?

ಇದೇನು ನನ್ನ ತಲೆಯಲ್ಲಿ ಹೊಸದಾಗಿ ಹುಟ್ಟಿದ ಐಡಿಯಾ ಅಲ್ಲ. ನಾವು ಶಾಲೆಗೆ ಹೋಗುವಾಗ ಐಸ್‌ಕ್ಯಾಂಡಿಯವನು ಬರುತ್ತಿದ್ದದ್ದು ಸೈಕಲ್ಲಿನ ಕ್ಯಾರಿಯರಿಗೆ ಮರದ ಪೆಟ್ಟಿಗೆ ಕಟ್ಟಿಕೊಂಡೇ. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಮೇಲೆ ಬರುತ್ತಿದ್ದ ಮೀನಿನವರ ಎಂ-80ಯನ್ನು ನೀವೂ ನೋಡಿರುತ್ತೀರಿ. ಹಿಂದೆ ದೊಡ್ಡ ಪೆಟ್ಟಿಗೆ, ಮುಂದೆ ಪೊಂಯ್ ಪೊಂಯ್ ಹಾರ್ನು. ಆ ಎಂ-80 ತಯಾರಾಗುವುದು ನಿಂತು ಎಷ್ಟೋ ವರ್ಷವಾಯಿತು, ಹಾರ್ನಿನ ಸದ್ದು ಮಾತ್ರ ಕಿವಿಯಲ್ಲಿ ಇನ್ನೂ ಇದೆ.

ಪೆಟ್ಟಿಗೆ ಅಂದಮೇಲೆ ಮರ ಬೇಕಲ್ಲ. ಹೊರಗಿನವರಿಗೆ ಅನ್ನಿಸಬಹುದು, ಕಾಡಿನ ಮಧ್ಯೆ ಇರುವವರಿಗೆ ಮರಕ್ಕೇನು ಬರ ಅಂತ. ನಮ್ಮ ತೋಟದ ಮೇಲೆ ಸೊಪ್ಪಿನ ಬೆಟ್ಟ ಇದೆ, ಬೆಟ್ಟದಲ್ಲಿ ಮರವೂ ಇದೆ. ಆದರೆ ನಮಗಿರುವುದು ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕು ಮಾತ್ರ. ಮರ ಸರ್ಕಾರದ್ದು. ಹಾಗಿರುವುದರಿಂದಲೇ ಇಷ್ಟಾದರೂ ಉಳಿದಿದೆ ಅನ್ನಿ. ಆ ಸರ್ಕಾರವೇ ಕಡಿಸಲು ಬಂದಾಗ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು, ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ಅಂಥ ಊರಿನ ಕಡೆಯವನಾಗಿ ನಾನು ಒಂದು ತಿಂಡಿ ಡಬ್ಬಕ್ಕೋಸ್ಕರ ಮರ ಕಡಿಸುತ್ತೇನೆ ಅಂದರೆ ನಗೆಪಾಟಲು. ಹಳೇ ಮರವೇ ಆಗಬೇಕು ಅಂದುಕೊಂಡೆ.

ಆಯಿ ದಾರಿ ತೋರಿಸಿದಳು. "ಅಟ್ಟದ ಮೇಲೆ ಜೇನು ಪೆಟ್ಗೆ ರಾಶಿ ಬಿದ್ದಿದ್ದಲಿ."

ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಅಪ್ಪಯ್ಯ ಜಗಲಿಯಲ್ಲೇ ಕೂತು ಅಡಕೆ ಸುಲಿಯುತ್ತಿದ್ದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಸಣ್ಣವನಿದ್ದಾಗ ನಮ್ಮ ಮನೆಯ ಸುತ್ತ 23 ಜೇನು ಪೆಟ್ಟಿಗೆ ಇದ್ದವು. ತುಡುವೆ ಜೇನು. ತೋಟದ ಅಂಚಿಗೆ, ಕೊಟ್ಟಿಗೆಯ ಹಿಂದೆ, ಬಾವಿಯ ಹತ್ತಿರ, ಎಲ್ಲಿ ನೋಡಿದರೂ ಗೂಟದ ಮೇಲೊಂದು ಪೆಟ್ಟಿಗೆ. ಅಪ್ಪಯ್ಯ ಬರಿಗೈಯಲ್ಲಿ ಮುಚ್ಚಳ ತೆಗೆಯುತ್ತಿದ್ದ. ಎರಿ ಎತ್ತಿ ಹಿಡಿದು "ರಾಣಿ ಎಲ್ಲಿದ್ದು ಹೇಳು ನೋಡನ" ಅಂತ ನಮ್ಮಿಬ್ಬರಿಗೂ ಪಂಥ ಕಟ್ಟುತ್ತಿದ್ದ. ಯಾವಾಗಲೂ ಅಕ್ಕನೇ ಗೆಲ್ಲುತ್ತಿದ್ದಳು.

1991-92ರಲ್ಲಿ ಆ ರೋಗ ಬಂತು. ಥಾಯ್ ಸ್ಯಾಕ್‌ಬ್ರೂಡ್ ಅಂತ ಅದರ ಹೆಸರು, 1976ರಲ್ಲಿ ಮೊದಲು ಥಾಯ್ಲೆಂಡಿನಲ್ಲಿ ಗುರುತಿಸಿದ್ದಕ್ಕೆ. ಹೆಸರೆಲ್ಲ ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಆಗ ಕಂಡದ್ದು ಇಷ್ಟೇ: ಎರಿಯ ಕೋಣೆಗಳಲ್ಲಿ ಮರಿಹುಳುಗಳು ಕೋಶ ಕಟ್ಟುವ ಮೊದಲೇ ಸತ್ತು, ನೀರು ತುಂಬಿದ ಸಣ್ಣ ಚೀಲದ ಹಾಗೆ ಆಗಿರುತ್ತಿದ್ದವು. ಮರಿ ಇಲ್ಲ ಅಂದರೆ ನಾಳೆಯ ಹುಳ ಇಲ್ಲ. ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಆ ಒಂದೆರಡು ವರ್ಷಗಳಲ್ಲೇ ಖಾಲಿಯಾದವು. ನಮ್ಮವು 23ಕ್ಕೆ 23. ಅಪ್ಪಯ್ಯ ಪೆಟ್ಟಿಗೆಗಳನ್ನು ಕುದಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಅಟ್ಟಕ್ಕೆ ಹಾಕಿದ. ಆಮೇಲೆ ಆ ವಿಷಯ ಮಾತಾಡಲಿಲ್ಲ.

ಜೇನು ಮುಂದೆ ನಿಧಾನವಾಗಿ ಊರಿಗೆ ವಾಪಸು ಬಂತು. ಎಷ್ಟೋ ಜನ ಮತ್ತೆ ಶುರು ಮಾಡಿದರು. 2022ರ ಜುಲೈಯಲ್ಲಿ ಪ್ರಧಾನಿಯ ಮನದ ಮಾತು ಕಾರ್ಯಕ್ರಮದಲ್ಲಿ ನಮ್ಮ ಜಿಲ್ಲೆಯ ಮಧುಕೇಶ್ವರ ಹೆಗಡೆಯವರ ಹೆಸರು ಬಂತು, 50 ಕುಟುಂಬದಿಂದ ಶುರು ಮಾಡಿ 800 ದಾಟಿದವರು ಅಂತ. ಊರೆಲ್ಲ ಅದೇ ಸುದ್ದಿ. ಅಪ್ಪಯ್ಯ ಕೇಳಿ "ಹ್ಞೂಂ" ಅಂದು ಕತ್ತಿ ಹಿಡಿದು ತೋಟಕ್ಕೆ ಹೋಗಿದ್ದ.

ಇಂಥವನ ಹತ್ತಿರ ಆ ಪೆಟ್ಟಿಗೆ ಒಡೆಯಲಾ ಅಂತ ಕೇಳುವುದು ಹೇಗೆ? ಕೇಳಿದೆ. ಕೈಯಲ್ಲಿನ ಅಡಕೆಯಿಂದ ಕಣ್ಣು ತೆಗೆಯದೆ "ಎಷ್ಟು ಬೇಕು?" ಅಂದ. ಎಂಟು ಸಾಕು ಅಂದೆ.

"ತಗ. ಇನ್ನೆಂತಕ್ಕೆ ಅದು."

ಇದು ಒಪ್ಪಿಗೆಯಾ, ಬೇಸರವಾ? ನನಗೆ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನಟಿಸಿದೆ ಅಂದರೂ ಸರಿಯೇ. ಎಂಟು ಪೆಟ್ಟಿಗೆ ಇಳಿಸಿ ಆಚಾರಿಗೆ ಹೇಳಿಕಳಿಸಿದೆ.

ನಮ್ಮೂರ ಆಚಾರಿಗೆ ಈಗ ಎಪ್ಪತ್ತು ದಾಟಿದೆ. ಮಗ ಶಿರಸಿಯಲ್ಲಿ ಪ್ಲೈವುಡ್ ಕಪಾಟು ಮಾಡುತ್ತಾನೆ, ಇವರು ಊರಲ್ಲಿ ಬಾಗಿಲು ಕಿಟಕಿ ರಿಪೇರಿ. ಬಂದವರು ಅಂಗಳದಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳನ್ನು ನೋಡಿ ಕೆಳಗೆ ಕೂತರು. ಒಂದನ್ನು ತಿರುಗಿಸಿ ಮೂಲೆಯ ಕಚ್ಚು ಸವರಿದರು.

"ಇದು ನಾ ಮಾಡಿದ್ದು."

"ಗೊತ್ತು ಆಚಾರ್ರೇ. ಇದನ್ನ ಬಿಚ್ಚಿ ಬೈಕಿಗೆ..."

"ಒಡೀಲಿಕ್ಕೆ ನೀವು ಹೇಳಿದ್ರೆ ಆಗೂದಿಲ್ಲ ಸಣ್ಣ ಹೆಗಡೇರೇ. ಮಾಡು ಅಂದವರು ಯಜಮಾನ್ರು. ಒಡಿ ಅಂತ್ಲೂ ಅವರೇ ಹೇಳ್ಲಿ."

ಉಳಿ ಸುತ್ತಿಗೆ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬೀಡಿ ಹಚ್ಚಿ ದಣಪೆಯ ಹತ್ತಿರ ಹೋಗಿ ನಿಂತರು. ನನಗೆ ನಾಚಿಕೆಯಾಯಿತು. ಹೊರಗಿನವರು ಕೇಳಿದ ಪ್ರಶ್ನೆಯನ್ನು ಮನೆಯ ಮಗ ನಾನು ಸರಿಯಾಗಿ ಕೇಳಿರಲಿಲ್ಲ.

ಅಪ್ಪಯ್ಯ ಅಂಗಳಕ್ಕಿಳಿದು ಬಂದ. ಎಂಟನ್ನೂ ಒಂದೊಂದಾಗಿ ಎತ್ತಿ ನೋಡಿದ. ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿದ. ಎರಡಕ್ಕೆ ಗೆದ್ದಲು ಹಿಡಿದಿತ್ತು, ಆಚೆ ಹಾಕಿದ. ಒಂದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು "ಇದೊಂದು ಇರ್ಲಿ" ಅಂದ. ಉಳಿದ ಐದನ್ನು ತೋರಿಸಿ ಆಚಾರಿಗೆ, "ಬಿಚ್ಚು. ಸಾಲದಿದ್ರೆ ಅಟ್ಟದ ಮೇಲೆ ಇನ್ನೂ ಇದೆ. ಒಳಬದಿಗೆ ಮಾತ್ರ ಕೀಸುಳಿ ಹಾಕೂದು ಬೇಡ" ಅಂದ.

ಒಳಬದಿ ಯಾಕೆ ಬೇಡ ಅಂತ ನಾನು ಕೇಳಿದ್ದಕ್ಕೆ ಆಚಾರಿಯೇ ಹೇಳಿದರು: ಜೇನುಹುಳ ವರ್ಷಗಟ್ಟಲೆ ಮೇಣ ಸವರಿ ಸವರಿ ಪಾಲಿಶ್ ಮಾಡಿಟ್ಟಿದೆ, ಅದಕ್ಕಿಂತ ಒಳ್ಳೆಯ ಪಾಲಿಶ್ ಅಂಗಡಿಯಲ್ಲಿ ಸಿಗುವುದಿಲ್ಲ. ಹೌದು, ಮೂವತ್ತು ವರ್ಷದ ಮೇಲೂ ಮೂಗು ಒಡ್ಡಿದರೆ ಸಣ್ಣಗೆ ಮೇಣದ ಪರಿಮಳ.

ಇನ್ನು ಲೆಕ್ಕ. (ಲೆಕ್ಕ ಬೇಡದವರು ಈ ಪ್ಯಾರಾ ಹಾರಿಸಬಹುದು, ನಾನೇನೂ ತಪ್ಪು ತಿಳಿಯುವುದಿಲ್ಲ.) ಪೆಟ್ಟಿಗೆಯ ಅಳತೆ ಉದ್ದ 18 ಇಂಚು, ಎತ್ತರ 12, ಅಗಲ 8. ಅಗಲ ಅದಕ್ಕಿಂತ ಹೆಚ್ಚಾದರೆ ಎರಡೂ ಬದಿ ಸೇರಿ ಹ್ಯಾಂಡಲ್ಲಿಗಿಂತ ಅಗಲವಾಗುತ್ತದೆ. ಹ್ಯಾಂಡಲ್ ತೂರಿದ ಕಡೆ ಪೆಟ್ಟಿಗೆಯೂ ತೂರಬೇಕು, ಇಲ್ಲದಿದ್ದರೆ ಯಾವುದೋ ಗೇಟಿಗೆ ಸಿಕ್ಕಿಕೊಂಡಾಗಲೇ ಬುದ್ಧಿ ಬರುವುದು. ಹಲಗೆ ಸಾಗುವಾನಿ, ಮುಕ್ಕಾಲು ಇಂಚು ದಪ್ಪ. ಒಣ ಸಾಗುವಾನಿ ಘನ ಮೀಟರಿಗೆ ಸುಮಾರು 650 ಕೆಜಿ ತೂಗುತ್ತದೆ. ಹಾಗೇ ಬಳಸಿದ್ದರೆ ಒಂದೊಂದು ಪೆಟ್ಟಿಗೆಯೂ 7 ಕೆಜಿ. ಎರಡಾದರೆ 14, ಮೇಲಿಂದ ಕಬ್ಬಿಣದ ಚೌಕಟ್ಟು. ನನ್ನ ಸ್ಪ್ಲೆಂಡರಿನ ತೂಕವೇ 110 ಕೆಜಿ ಆಸುಪಾಸು, ಖಾಲಿ ಪೆಟ್ಟಿಗೆ ಹೊರುವುದರಲ್ಲೇ ಅದರ ಉಸಿರು ಹೋದೀತು. ಹೊರಬದಿಯಿಂದ ಕೆತ್ತಿ ಅರ್ಧ ಇಂಚಿಗೆ ಇಳಿಸಿದೆವು. ಈಗ ಒಂದಕ್ಕೆ ಐದು ಕೆಜಿಯ ಒಳಗೆ.

ಜೇನು ಪೆಟ್ಟಿಗೆಯ ಹಲಗೆ ಗಿಡ್ಡ. 18 ಇಂಚಿನ ಉದ್ದ ಎಲ್ಲಿಂದ ಬರಬೇಕು? ಆಚಾರಿ ಕೆಳಗೆ ಸಂಸಾರ ಕೋಣೆಯ ಹಲಗೆ, ಮೇಲೆ ಜೇನು ಕೋಣೆಯ ಹಲಗೆ ಇಟ್ಟು ಎತ್ತರ ತಂದರು. ಹಾಗೆ ಎರಡು ಸಾಲು ಮಾಡಿ, ನಡುವೆ ಒಂದು ಅಡ್ಡ ಹಲಗೆ ಕೊಟ್ಟು, ಎರಡು ಕಡೆಯಿಂದಲೂ ಅದಕ್ಕೇ ಕಚ್ಚು ಹೊಂದಿಸಿ ಉದ್ದ ತಂದರು. ಹಲಗೆಯ ಒಂದು ಅಂಚಿಗೆ ಏಣು, ಇನ್ನೊಂದಕ್ಕೆ ಗಾಡಿ, ಒಂದರೊಳಗೊಂದು ಕೂರುವ ಗಂಡು-ಹೆಣ್ಣು ಜೋಡಣೆ. ಮೂಲೆಗಳಲ್ಲಿ ಎರಡು ಕೈಯ ಬೆರಳು ಹೆಣೆದ ಹಾಗೆ ಕಚ್ಚು. ಮೊಳೆ ಒಂದೂ ಇಲ್ಲ. ಮೊಳೆಯೂ ತಿರುಪೂ ಬೈಕಿನ ನಡುಕಕ್ಕೆ ಮರವನ್ನು ತಿಂದು ತಿಂದು ಸಡಿಲ ಮಾಡಿಕೊಳ್ಳುತ್ತವಂತೆ. ಬೋಲ್ಟು ಹಾಕುವಲ್ಲೂ ಒಳಗೆ ಅಗಲದ ವಾಷರು, ಮರಕ್ಕೂ ಕಬ್ಬಿಣಕ್ಕೂ ನಡುವೆ ಹಳೇ ಟ್ಯೂಬಿನ ರಬ್ಬರ್ ತುಂಡು.

ಮುಚ್ಚಳ ಮಾಡುವಾಗ ನಮಗಿಬ್ಬರಿಗೂ ಜಗಳ. ಮುಚ್ಚಳದ ನಡುವಿನ ಹಲಗೆಯನ್ನು ಅಂಟು ಹಾಕಿ ಬಿಗಿ ಮಾಡಿ ಅಂತ ನಾನು. ಬಿಡಬೇಕು ಅಂತ ಅವರು. ಸುತ್ತಲಿನ ಗಾಡಿಯಲ್ಲಿ ಅದು ಸಡಿಲವಾಗಿ ಕೂರಬೇಕು, ಎರಡೂ ಪಕ್ಕಕ್ಕೆ ಒಂದು ನಾಣ್ಯ ಹೋಗುವಷ್ಟು ಸಂದು ಇರಬೇಕಂತೆ.

"ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ತದೆ. ಉದ್ದಕ್ಕೆ ಉಬ್ಬೂದಿಲ್ಲ. ಅದಕ್ಕೆ ಜಾಗ ಬಿಡದಿದ್ರೆ ಅದೇ ಜಾಗ ಮಾಡ್ಕಳ್ತದೆ, ಪೆಟ್ಟಿಗೆ ಒಡೆದು."

ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಆಗಿಹೋದ ಎಪ್ಪತ್ತು ಮಳೆಗಾಲದ ಅನುಭವ. ನಾನು ಬಾಯಿ ಮುಚ್ಚಿಕೊಂಡೆ.

ಆಗ ಜಗಲಿಯಿಂದ ಅಪ್ಪಯ್ಯನ ಧ್ವನಿ ಬಂತು. "ಜೇನಿಗೂ ಹಂಗೇ." ಅಷ್ಟು ಹೇಳಿ ನಿಲ್ಲಿಸುತ್ತಾನೆ ಅಂದುಕೊಂಡರೆ ಮುಂದುವರೆಸಿದ. ಎರಿಗೂ ಗೋಡೆಗೂ ನಡುವೆ ಕಾಲು ಇಂಚಿಗಿಂತ ಒಂದು ಕೂದಲು ಜಾಸ್ತಿ ಬಿಡಬೇಕು. ಕಡಿಮೆಯಾದರೆ ಅಂಟು ಹಾಕಿ ಮುಚ್ಚಿಬಿಡುತ್ತದೆ, ಹೆಚ್ಚಾದರೆ ಅಲ್ಲೂ ಎರಿ ಕಟ್ಟುತ್ತದೆ. ಸರಿಯಾಗಿ ಬಿಟ್ಟರೆ ಆ ಜಾಗವನ್ನು ಓಡಾಡಲಿಕ್ಕೆ ಅಂತ ಹಾಗೇ ಬಿಟ್ಟುಕೊಳ್ಳುತ್ತದೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಈ ಸಂದಿನ ಗುಟ್ಟು ಹಿಡಿದಿದ್ದಕ್ಕೇ ಎರಿಯನ್ನು ಮುರಿಯದೆ ಎತ್ತಿ ನೋಡುವ ಪೆಟ್ಟಿಗೆ ಸಾಧ್ಯವಾದದ್ದು. ನಮ್ಮ ತುಡುವೆ ಸಣ್ಣ ಹುಳವಾದ್ದರಿಂದ ಅದರ ಸಂದು ಇನ್ನೂ ಸಣ್ಣದು. ಇದನ್ನೆಲ್ಲ ಅಪ್ಪಯ್ಯ ಹೇಳುತ್ತಿದ್ದರೆ ಆಯಿ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮೂವತ್ತು ವರ್ಷಗಳಲ್ಲಿ ಅವನು ಜೇನಿನ ಬಗ್ಗೆ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಕಬ್ಬಿಣದ ಚೌಕಟ್ಟಿನಲ್ಲಿ ನನ್ನ ಬುದ್ಧಿವಂತಿಕೆ ಬಯಲಾಯಿತು. ಬಲಗಡೆಯ ಅಳತೆ ತೆಗೆದು, ಎಡಗಡೆಗೂ ಅದನ್ನೇ ತಿರುಗಿಸಿ ಮಾಡಿ ಅಂತ ವೆಲ್ಡಿಂಗಿನವರಿಗೆ ಹೇಳಿದ್ದೆ. ಆದರೆ ಬೈಕು ಎರಡೂ ಬದಿ ಒಂದೇ ಥರ ಇರುವುದಿಲ್ಲ ಸ್ವಾಮಿ! ಬಲಗಡೆ ಸೈಲೆನ್ಸರ್. ಅದರ ಬಿಸಿಗೆ ಮೂರು ಇಂಚು ದೂರ ಬಿಟ್ಟು, ಪೆಟ್ಟಿಗೆಯ ಅಡಿಗೆ ಒಂದು ತಗಡು ಹೊಡೆಯಬೇಕು. ಎಡಗಡೆ ಚೈನ್ ಕವರ್ರು, ಸೀರೆ ಗಾರ್ಡು. ಮತ್ತೆ ಚೌಕಟ್ಟು ಕೂರಬೇಕಾದ್ದು ಸೀಟಿನ ಕೆಳಗಿನ ಗಟ್ಟಿ ಪೈಪಿಗೆ, ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಭಾಗಕ್ಕಲ್ಲ. ಬಲಗಡೆಯದು ಸರಿಯಾಗಿ ಕೂತಿತು. ಎಡಗಡೆಯದು ಸೀರೆ ಗಾರ್ಡಿಗೆ ತಾಗಿ ವಾಪಸು ವೆಲ್ಡಿಂಗಿಗೆ ಹೋಯಿತು. "ನಾಳೆ ಬನ್ನಿ" ಶುರುವಾಯಿತು.

ಹಾಗಾಗಿ ಬಲಗಡೆಯ ಪೆಟ್ಟಿಗೆಗೆ ಗೇರೆಣ್ಣೆ ಬಳಿದು ಒಣಗಲಿಕ್ಕೆ ಇಟ್ಟೆ. (ಗೇರೆಣ್ಣೆ ಗೊತ್ತಲ್ಲ, ಗೇರುಬೀಜದ ಸಿಪ್ಪೆಯದು. ಗೆದ್ದಲು ಹತ್ತಿರ ಬರುವುದಿಲ್ಲ. ಕೈಗೆ ತಾಗಿದರೆ ಚರ್ಮವೂ ಉಳಿಯುವುದಿಲ್ಲ. ಅನುಭವದ ಮಾತು.) ಎಡಗಡೆಯದು ಎಣ್ಣೆ ಕಾಣದೆ, ಬೋಲ್ಟಿನ ತೂತು ಕೊರೆಸಿಕೊಂಡು, ಮುಚ್ಚಳ ಹಾಕಿಕೊಂಡು, ಕೊಟ್ಟಿಗೆಯ ಗಿಡ್ಡ ಗೋಡೆಯ ಮೇಲೆ ಕೂತಿತು. ಹನ್ನೆರಡು ದಿನ.

ಹದಿಮೂರನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ನಾನು ಲ್ಯಾಪ್‌ಟಾಪ್ ಎದುರು ಆಫೀಸಿನ ಮೀಟಿಂಗಿನಲ್ಲಿದ್ದೆ. ಅಪ್ಪಯ್ಯ ಕಿಟಕಿಯ ಹೊರಗೆ ಬಂದು ನಿಂತ.

"ತಮಾ, ಬಾ ಇಲ್ಲಿ. ಸಾವಕಾಶ ಬಾ."

ಅವನ ಧ್ವನಿ ಕೇಳಿ ಮೀಟಿಂಗ್ ಅಲ್ಲೇ ಬಿಟ್ಟು ಓಡಿದೆ. ಸಾವಕಾಶ ಅಂದಿದ್ದು ಆಮೇಲೆ ನೆನಪಾಗಿ ನಡೆದೆ. ಕೊಟ್ಟಿಗೆಯ ಗೋಡೆಯ ಮೇಲೆ ನನ್ನ ಎಡಗಡೆಯ ಪೆಟ್ಟಿಗೆ. ಅದರ ಸುತ್ತ ಗಾಳಿಯೇ ಗುಂಯ್‌ಗುಡುತ್ತಿತ್ತು. ಬೋಲ್ಟಿಗೆ ಅಂತ ಕೊರೆಸಿದ ತೂತಿನ ಬಾಯಲ್ಲಿ ಹುಳಗಳ ಸಾಲು, ಒಂದರ ಮೇಲೊಂದು ಒಳಗೆ ನುಗ್ಗುತ್ತಿದ್ದವು. ಎಲ್ಲೋ ಪಾಲಾದ ಕುಟುಂಬ. ನಾಲ್ಕೈದು ದಿನದಿಂದ ಒಂದೆರಡು ಹುಳ ಅಲ್ಲಿ ಸುಳಿದಾಡುತ್ತಿದ್ದದ್ದನ್ನು ನಾನೂ ನೋಡಿದ್ದೆ. ಮನೆ ಹುಡುಕುತ್ತಿವೆ ಅಂತ ನನಗೆ ಹೊಳೆದಿರಲಿಲ್ಲ. ಅಪ್ಪಯ್ಯನಿಗೆ? ಅವನಿಗೆ ಹೊಳೆಯದೇ ಇರುತ್ತದಾ? ಒಳಬದಿಗೆ ಕೀಸುಳಿ ಬೇಡ ಅಂದವನು ಅವನೇ. ನಾನು ಕೇಳಿಲ್ಲ, ಅವನೂ ಹೇಳಿಲ್ಲ.

"ಜೇನು ಬೈಂದು" ಅಂದ, ನನಗೆ ಕಾಣುತ್ತಿಲ್ಲವೇನೋ ಅನ್ನುವ ಹಾಗೆ.

"ನನ್ನ ಪೆಟ್ಟಿಗೆ..."

"ಈಗ ಮುಟ್ಟಡ."

ಮುಟ್ಟಲಿಲ್ಲ. ಆ ವಾರವೇ ಅಕ್ಕನ ಮನೆಗೆ ಹೋಗಬೇಕಿತ್ತು, ಆಯಿ 25 ತೊಡದೇವು ಮಾಡಿಟ್ಟಿದ್ದಳು. ಬಲಗಡೆಯ ಪೆಟ್ಟಿಗೆಯೊಳಗೆ ಅಡಕೆ ಹಾಳೆ ಕತ್ತರಿಸಿ ಹಾಸಿದೆವು. ಅದರ ಮೇಲೆ ಬಟ್ಟೆ, ಬಟ್ಟೆಯ ನಡುವೆ ತೊಡದೇವನ್ನು ಮಲಗಿಸದೆ ನಿಲ್ಲಿಸಿ ಜೋಡಿಸಿದೆವು. ನಡುವಿನ ಅಡ್ಡ ಹಲಗೆಯ ಆಚೆ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ. ಎಡಗಡೆ ಪೆಟ್ಟಿಗೆ ಇಲ್ಲದೆ ಬೈಕು ಬಲಕ್ಕೆ ವಾಲುತ್ತಿತ್ತು. ವೆಲ್ಡಿಂಗಿನಿಂದ ಅಂತೂ ಬಂದಿದ್ದ ಎಡ ಚೌಕಟ್ಟಿಗೆ ಗೋಣಿಚೀಲ ಕಟ್ಟಿ, ತೂಕ ಸರಿಯಾಗುವವರೆಗೆ ತೆಂಗಿನಕಾಯಿ ತುಂಬಿದೆ. ಹದಿಮೂರು ಹಿಡಿಯಿತು. ದಾರಿಯಲ್ಲಿ ಶಿರಸಿಯ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದಾಗ ಒಬ್ಬರು ಪೆಟ್ಟಿಗೆಯನ್ನು ಎರಡು ಸುತ್ತು ಬಂದು, "ಇದರಲ್ಲಿ ಎಂತ ಮಾರ್ತೀರಿ?" ಅಂತ ಕೇಳಿದರು :-)

ಅಕ್ಕನ ಮನೆ ಮುಟ್ಟಿ ಮುಚ್ಚಳ ತೆಗೆದಾಗ 25ರಲ್ಲಿ 22 ಇಡೀ ಇದ್ದವು. ಎರಡು ಅರ್ಧಕ್ಕೆ ಮುರಿದಿದ್ದವು, ಒಂದು ಪುಡಿ. ಅಕ್ಕ ಒಂದನ್ನು ಕೈಗೆತ್ತಿಕೊಂಡಳು, ಆದರೆ ಬಾಯಿಗಿಡಲಿಲ್ಲ. ಪೆಟ್ಟಿಗೆಯೊಳಗೆ ತಲೆ ಹಾಕಿ ಮೂಸಿದಳು.

"ಅಪ್ಪಯ್ಯನ ಜೇನು ಪೆಟ್ಗೆ ಅಲ್ದನಾ ಇದು?"

ಹೌದು ಅಂದೆ. ಎಡಗಡೆಯದು ಎಲ್ಲಿ ಅಂತ ಕೇಳಿದಳು. ಹೇಳಿದೆ. ಆಮೇಲೆ ತುಂಬ ಹೊತ್ತು ಫೋನಿನಲ್ಲಿ ಅಪ್ಪಯ್ಯನ ಜೊತೆ ಮಾತಾಡಿದಳು. ರಾಣಿ ಕಂಡಿತಾ ಅಂತ ಎರಡು ಸಲ ಕೇಳಿದ್ದು ನನಗೂ ಕೇಳಿಸಿತು.

ನಾನು ವಾಪಸು ಬರುವಷ್ಟರಲ್ಲಿ ಅಪ್ಪಯ್ಯ ಅವನ್ನು ತಾನು ಎತ್ತಿಟ್ಟುಕೊಂಡಿದ್ದ ಪೆಟ್ಟಿಗೆಗೆ ಸಾಗಿಸಿಯಾಗಿತ್ತು. ಹೊಸದಾಗಿ ಕಟ್ಟಿದ್ದ ಅಂಗೈಯಗಲದ ಎರಿಗಳನ್ನು ಕೊಯ್ದು, ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ, ಸಂಜೆಗತ್ತಲಲ್ಲಿ ಒಬ್ಬನೇ. ಕೈಗೆ ಎರಡು ಕಡೆ ಕುಟುಕಿಸಿಕೊಂಡಿದ್ದ. "ಮೊದ್ಲು ಕಚ್ತಿರ್ಲೆ" ಅಂತ ಆಯಿ ನಕ್ಕರೆ, "ಅವಕ್ಕೆ ಪರಿಚಯ ಇಲ್ಲೆ" ಅಂದ. ನನ್ನ ಪೆಟ್ಟಿಗೆಯನ್ನು ಒರೆಸಿ, ಜಗಲಿಯ ಮೇಲೆ ಇಟ್ಟಿದ್ದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಮೂರು ವಾರ ಆದಮೇಲೆ ಒಂದು ಮಧ್ಯಾಹ್ನ ಅವು ಎದ್ದು ಹೋದವು. ಇರುವೆ ಬಂತೋ, ಸೆಖೆಯಾಯಿತೋ. ತುಡುವೆಯ ಸ್ವಭಾವವೇ ಹಾಗೆ, ಸರಿ ಕಾಣದಿದ್ದರೆ ಕಟ್ಟಿದ್ದನ್ನೆಲ್ಲ ಬಿಟ್ಟು ಎದ್ದುಬಿಡುತ್ತದೆ. ಅಪ್ಪಯ್ಯ ತೋಟದಿಂದ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಮುಚ್ಚಳ ತೆಗೆದು ನೋಡಿದ, ಮುಚ್ಚಿದ. "ಹೋತು" ಅಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಟ್ಟದಲ್ಲಿ ಸುಮ್ಮನೆ ಇದ್ದದ್ದನ್ನು ಕೆದಕಿ ಕೆಳಗಿಳಿಸಿದವನು ನಾನು. ಅದೇ ನೋವನ್ನು ಎರಡನೇ ಸಲ ಅವನ ಕೈಗೆ ಕೊಟ್ಟೆನಾ? ತೊಡದೇವು ಮುರಿದರೆ ಹಾಲಿಗೆ ಹಾಕಿ ತಿನ್ನಬಹುದಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಆ ಪೆಟ್ಟಿಗೆ ಅಟ್ಟಕ್ಕೆ ಹೋಗಿರಲಿಲ್ಲ. ಬಾವಿಯ ಹತ್ತಿರ ಹೊಸ ಗೂಟ ನೆಟ್ಟು ಅದರ ಮೇಲೆ ಕೂರಿಸಿದ್ದ. ಗೂಟದ ಬುಡಕ್ಕೆ ಇರುವೆ ಹತ್ತದ ಹಾಗೆ ಎಣ್ಣೆಬಟ್ಟೆ ಸುತ್ತಿತ್ತು. ಅಪ್ಪಯ್ಯ ಮಾತ್ರ ಅಲ್ಲಿರಲಿಲ್ಲ. ಅಂಗಳದಲ್ಲಿ ನನ್ನ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಆಗಷ್ಟೇ ಎಣ್ಣೆ ಕಂಡು ಅದರ ಜಾಗಕ್ಕೆ ಸೇರಿದ್ದ ಎಡಗಡೆಯ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಗೇಣು ಹಾಕುತ್ತಿದ್ದ.

"ಅಕ್ಕನ ಮನೆ ಬದಿಗೆ ಜೇನು ಕುಟುಂಬ ಕೊಡ್ತ್ವಡ, ಹೌದಾ?"

"ಹೌದಡ. ಅವಳೇ ಹೇಳ್ತಿದ್ದಿತ್ತು."

"ಚೌಕಟ್ಟು ಸಮೇತ ಇದ್ರಲ್ಲಿ ಹಿಡಿಸ್ತಾ?"

ನಾನೂ ಪಕ್ಕದಲ್ಲಿ ಕೂತೆ. ನಡುವಿನ ಅಡ್ಡ ಹಲಗೆ ತೆಗೆದರೆ ನಾಲ್ಕು ಚೌಕಟ್ಟು ಹಿಡಿಯಬಹುದು ಅಂದೆ. ಬೋಲ್ಟಿನ ತೂತಿಗೆ ಗಾಳಿಯಾಡುವ ಜಾಲರಿ ಹೊಡೆಯಬೇಕು ಅಂದ. ಎಣ್ಣೆಯ ವಾಸನೆ ಪೂರ್ತಿ ಹೋಗಬೇಕು, ಮಳೆಗಾಲ ಕಳೆಯಲಿ ಅಂದ. ಮತ್ತೆ ಸ್ವಲ್ಪ ಯೋಚಿಸಿ, "ರಾತ್ರೆ ಹೊರಡವು. ಹಗಲು ತಂದ್ರೆ ಸೆಖೆಗೆ ಸಾಯ್ತು" ಅಂದ.

"ರಾತ್ರಿ ನಾನೊಬ್ಬನೇ ಅಷ್ಟು ದೂರ..."

"ಹಿಂದೆ ಆನು ಕೂತ್ಗತ್ನಲ."

ಅವನ ವಯಸ್ಸು ಎಪ್ಪತ್ತನಾಲ್ಕು. ಹಿಂದಿನ ಸೀಟಿನಲ್ಲಿ ಕೂತವರಿಗೆ ಕಾಲಿಡಲಿಕ್ಕೆ ಪೆಟ್ಟಿಗೆ ಅಡ್ಡ ಬರುತ್ತದಾ ಅಂತ ನಾನು ಅಳತೆಯನ್ನೇ ತೆಗೆದಿರಲಿಲ್ಲ. ಚೌಕಟ್ಟನ್ನು ಎರಡು ಇಂಚು ಹಿಂದಕ್ಕೆ ಸರಿಸಬೇಕಾಗಬಹುದು. ನಾಳೆ ಮತ್ತೆ ವೆಲ್ಡಿಂಗಿಗೆ ಹೋಗಬೇಕು.